ಯಾವ ಜರ್ಮನ್ ಕಲಿಯಬೇಕು? ಬರ್ಲಿನ್, ವಿಯೆನ್ನಾ, ಜ್ಯೂರಿಕ್ ಮತ್ತು ಕಿಟೆಲ್ ಕಾಲದ ಜರ್ಮನ್‌ಗಳ ಹೋಲಿಕೆ

ಜರ್ಮನ್ ತರಗತಿಗೆ ಹೆಸರು ಬರೆಸುವಾಗ "ಯಾವ ಜರ್ಮನ್?" ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ಏಳುವುದು ಆಮೇಲೆ. ಬಿ1 ಪರೀಕ್ಷೆಯಲ್ಲಿ (ಎ1ರಿಂದ ಸಿ2ರವರೆಗಿನ ಆರು ಹಂತಗಳಲ್ಲಿ ಅದು ಮೂರನೆಯದು) ಒಳ್ಳೆಯ ಅಂಕ ತೆಗೆದು ಜ್ಯೂರಿಕ್‌ನಲ್ಲಿ ಇಳಿದವರಿಗೆ ಟ್ರಾಮ್‌ನಲ್ಲಿ ಪಕ್ಕದವರ ಮಾತು ಒಂದಕ್ಷರವೂ ತಿಳಿಯುವುದಿಲ್ಲ. ಸ್ಟುಟ್‌ಗಾರ್ಟ್‌ನ ಕಂಪನಿ ಸೇರಿದವರಿಗೆ ಮೀಟಿಂಗ್ ಪೂರ್ತಿ ಅರ್ಥವಾಗುತ್ತದೆ, ಊಟದ ಹೊತ್ತಿನ ಹರಟೆ ಮಾತ್ರ ತಲೆಯ ಮೇಲೆ ಹಾದುಹೋಗುತ್ತದೆ. ಬಾಸೆಲ್ ಮಿಷನ್ನಿನ ಹಳೆಯ ಕಾಗದವೊಂದರ ಸ್ಕ್ಯಾನ್ ತೆರೆದ ಸಂಶೋಧಕರು, ಸಿ1 ಮುಗಿಸಿದ್ದರೂ, ಮೊದಲ ಸಾಲಿನಲ್ಲೇ ನಿಂತುಬಿಡುತ್ತಾರೆ. ಮೂರು ಕಡೆಯೂ ಭಾಷೆಯ ಹೆಸರು ಜರ್ಮನ್ನೇ.

ಯಾರಿಗೆ ಆತುರವಿದೆಯೋ ಅವರಿಗಾಗಿ ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಮಾತಾಡಲು ಮತ್ತು ಬರೆಯಲು ಒಂದೇ ಒಂದು ಜರ್ಮನ್ ಕಲಿಯಿರಿ: ಜರ್ಮನಿಯ ಶಾಲೆಗಳಲ್ಲಿ ಕಲಿಸುವ ಶಿಷ್ಟ ಜರ್ಮನ್. ಬಿ1 ಮುಗಿಯುವವರೆಗೆ ಬೇರೆ ಯಾವುದರ ಕಡೆಗೂ ನೋಡಬೇಡಿ. ಅದಾದ ಮೇಲೆ ನಿಮ್ಮ ಕಿವಿಯನ್ನು ಎಲ್ಲಿಗೆ ಪಳಗಿಸಬೇಕು, ಕಣ್ಣನ್ನು ಯಾವ ಕಾಲಕ್ಕೆ ಪಳಗಿಸಬೇಕು ಎಂಬುದಷ್ಟೇ ಆಯ್ಕೆ. ಉಪಭಾಷೆಯನ್ನು ಮಾತಾಡಲು ಹೊರಡುವುದು ಹೆಚ್ಚಿನವರಿಗೆ ದಂಡ. ಅದನ್ನು ಕೇಳಿ ಅರ್ಥ ಮಾಡಿಕೊಳ್ಳುವುದು ಮಾತ್ರ ದಂಡವಲ್ಲ.

ಶಿಷ್ಟ ಜರ್ಮನ್ ಎಂದರೆ ಯಾರ ಜರ್ಮನ್?

ಫ್ರೆಂಚರಿಗೆ ಪ್ಯಾರಿಸ್ ಇತ್ತು, ಇಂಗ್ಲಿಷರಿಗೆ ಲಂಡನ್ ಇತ್ತು. ಜರ್ಮನ್ನರಿಗೆ ಹಾಗೊಂದು ರಾಜಧಾನಿ 1871ರವರೆಗೂ ಇರಲಿಲ್ಲ. ಹತ್ತಾರು ಸಂಸ್ಥಾನಗಳು, ಒಂದೊಂದರದ್ದೂ ಒಂದೊಂದು ಬರವಣಿಗೆಯ ರೂಢಿ. ಅವುಗಳಲ್ಲಿ ಪೂರ್ವದ ಸ್ಯಾಕ್ಸನಿಯ ಕಚೇರಿ ಬರವಣಿಗೆಗೆ ಅದೃಷ್ಟ ಖುಲಾಯಿಸಿದ್ದು ಮಾರ್ಟಿನ್ ಲೂಥರ್‌ನಿಂದ. ಅವನ ಹೊಸ ಒಡಂಬಡಿಕೆ 1522ರಲ್ಲಿ, ಇಡೀ ಬೈಬಲ್ 1534ರಲ್ಲಿ ಅಚ್ಚಾದವು. ಮುದ್ರಣಯಂತ್ರ ಆಗಲೇ ಊರೂರಿಗೆ ಬಂದಿತ್ತು, ಪುಸ್ತಕ ಎಲ್ಲ ಕಡೆ ಹೋಯಿತು. ಆದರೆ ಎಲ್ಲ ಕಡೆ ಅರ್ಥವಾಗಲಿಲ್ಲ. 1523ರಲ್ಲಿ ಬಾಸೆಲ್‌ನ ಮುದ್ರಕ ಆಡಮ್ ಪೆಟ್ರಿ ಅದನ್ನು ಮರುಮುದ್ರಿಸುವಾಗ, ಲೂಥರ್‌ನ ಪದಗಳು ತನ್ನ ಊರಿನವರಿಗೆ ತಿಳಿಯಲಾರವೆಂದು ಒಂದು ಪದಪಟ್ಟಿಯನ್ನೇ ಜೊತೆಗೆ ಸೇರಿಸಿದ. ಲೂಥರ್ ತುಟಿಗೆ 'ಲಿಪ್ಪೆ' ಎಂದು ಬರೆದಿದ್ದ. ಬಾಸೆಲ್‌ನವರಿಗೆ ಅದು 'ಲೆಫ್ತ್ಸೆ' ಎಂದರೆ ಮಾತ್ರ ಗೊತ್ತು. ಇವತ್ತು ಶಿಷ್ಟ ಜರ್ಮನ್‌ನಲ್ಲಿ ಇರುವುದು ಲಿಪ್ಪೆಯೇ.

ಉತ್ತರದವರ ಕಥೆ ಇನ್ನೂ ಸ್ವಾರಸ್ಯ. ಹ್ಯಾಂಬರ್ಗ್, ಬ್ರೆಮೆನ್, ಹ್ಯಾನೋವರ್ ಕಡೆಯ ಮನೆಮಾತು ಕೆಳಜರ್ಮನ್, ಅಂದರೆ ಪ್ಲಾಟ್. ಅದು ಧ್ವನಿಯಲ್ಲಿ ಡಚ್ಚಿಗೂ ಇಂಗ್ಲಿಷಿಗೂ ಹತ್ತಿರ. ಅವರು ಶಿಷ್ಟ ಜರ್ಮನ್ ಕಲಿತದ್ದು ಶಾಲೆಯಲ್ಲಿ, ಚರ್ಚಿನಲ್ಲಿ, ಪುಸ್ತಕ ನೋಡಿಕೊಂಡು, ಹೆಚ್ಚುಕಡಿಮೆ ಬೇರೆ ಭಾಷೆ ಕಲಿತ ಹಾಗೆ. ಬರೆದದ್ದನ್ನು ಬರೆದಂತೆಯೇ ಉಚ್ಚರಿಸಿದರು. ಅದಕ್ಕೇ "ಶುದ್ಧ ಜರ್ಮನ್ ಹ್ಯಾನೋವರ್‌ನದ್ದು" ಎಂಬ ಹೆಸರು ಬಂತು. ಬರವಣಿಗೆಯ ರೂಪ ಹುಟ್ಟಿದ ಸ್ಯಾಕ್ಸನಿಯ ಉಚ್ಚಾರಣೆಯನ್ನೋ, ಇಡೀ ಜರ್ಮನಿ ಇವತ್ತು ಅಣಕಿಸುತ್ತದೆ. 1898ರಲ್ಲಿ ತಿಯೋಡೋರ್ ಸೀಬ್ಸ್ ರಂಗಭೂಮಿಗೆಂದು ಉಚ್ಚಾರಣೆಯ ನಿಯಮ ಮಾಡಿದಾಗಲೂ ಉತ್ತರದ ನುಡಿಗಾರಿಕೆಯೇ ಆಧಾರವಾಯಿತು.

ಕಾಗುಣಿತ ಒಂದಾದದ್ದು ತೀರಾ ಈಚೆಗೆ. ಕೊನ್ರಾಡ್ ಡೂಡನ್ ಎಂಬ ಶಾಲಾ ಮುಖ್ಯಸ್ಥರ ನಿಘಂಟು 1880ರಲ್ಲಿ ಬಂತು, 1901ರ ಬರ್ಲಿನ್ ಸಮ್ಮೇಳನದಲ್ಲಿ ಎಲ್ಲರಿಗೂ ಒಂದೇ ಕಾಗುಣಿತ ಎಂದು ತೀರ್ಮಾನವಾಯಿತು. ಆಮೇಲೆ 1996ರಲ್ಲಿ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಎಲ್ಲ ಸೇರಿ ವಿಯೆನ್ನಾದಲ್ಲಿ ಸುಧಾರಣೆಗೆ ಸಹಿ ಹಾಕಿದವು. 1998ರಲ್ಲಿ ಅದು ಜಾರಿಗೆ ಬಂತು, ಜನ ಜಗಳವಾಡಿದರು, 2006ರಲ್ಲಿ ಒಂದಷ್ಟು ತಿದ್ದಿದರು. ನಿಮಗೆ ಇದರಿಂದ ಆಗಬೇಕಾದದ್ದು ಇಷ್ಟೇ: ಅವೆನ್ಯೂ ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ ಹಳೆಯ ಪಠ್ಯಪುಸ್ತಕ ಅಗ್ಗಕ್ಕೆ ಸಿಕ್ಕಿದರೆ, 'ಎಂದು' ಎಂಬ ಅರ್ಥದ 'ದಾಸ್' ಪದ ಹೇಗೆ ಅಚ್ಚಾಗಿದೆ ನೋಡಿ. ಕೊನೆಯಲ್ಲಿ ಎರಡು ಎಸ್ ಇದ್ದರೆ ಹೊಸ ಕಾಗುಣಿತ. ಇಂಗ್ಲಿಷಿನ ಬಿ ಅಕ್ಷರವನ್ನು ಹೋಲುವ ಎಸ್ತ್ಸೆಟ್ ಇದ್ದರೆ ಹಳೆಯದು, ಪರೀಕ್ಷೆಗೆ ಬೇಡ. ವ್ಯಾಕರಣ ಮಾತ್ರ ಎರಡರಲ್ಲೂ ಒಂದೇ, ಓದಿಕೊಳ್ಳಲು ಅಡ್ಡಿಯಿಲ್ಲ.

ಮೂರು ದೇಶ, ಮೂರು ಶಿಷ್ಟ ರೂಪ

ಆಸ್ಟ್ರಿಯಾದವರು ಬರೆಯುವುದು "ತಪ್ಪು ಜರ್ಮನ್" ಅಲ್ಲ. ಅಲ್ಲಿನ ಶಾಲೆಗಳಿಗೆ 1951ರಿಂದ ಸ್ವಂತ ಅಧಿಕೃತ ನಿಘಂಟಿದೆ. ಐರೋಪ್ಯ ಒಕ್ಕೂಟ ಸೇರುವಾಗ ಆಲೂಗಡ್ಡೆ, ಟೊಮೇಟೊ, ಏಪ್ರಿಕಾಟ್ ಮುಂತಾದ 23 ತಿನಿಸುಗಳ ಆಸ್ಟ್ರಿಯನ್ ಹೆಸರುಗಳಿಗೆ ಜರ್ಮನಿಯ ಹೆಸರುಗಳಷ್ಟೇ ಮಾನ್ಯತೆ ಇರಬೇಕೆಂದು ಒಪ್ಪಂದದಲ್ಲೇ ಬರೆಸಿಕೊಂಡರು. ಜರ್ಮನಿಯ 'ಕಾರ್ಟೋಫೆಲ್' ಅಲ್ಲಿ 'ಎರ್ಡಾಪ್ಫೆಲ್', 'ಟೊಮಾಟೆ' ಅಲ್ಲಿ 'ಪಾರಾಡೈಸರ್', ಜನವರಿ 'ಯಾನುವಾರ್' ಅಲ್ಲ, 'ಯೆನ್ನರ್'.

ಹೊಸ ಪದ ಬಂದರೆ ಕೇಳಿ ತಿಳಿದುಕೊಳ್ಳಬಹುದು, ಅದರಿಂದ ತೊಂದರೆಯಿಲ್ಲ. ತೊಂದರೆ ಕೊಡುವುದು ಒಂದೇ ಪದ, ಬೇರೆ ಅರ್ಥ. 'ಸೆಸೆಲ್' ಎಂದರೆ ಜರ್ಮನಿಯಲ್ಲಿ ಮೆತ್ತನೆಯ ತೋಳುಕುರ್ಚಿ, ಆಸ್ಟ್ರಿಯಾದಲ್ಲಿ ಮಾಮೂಲಿ ಕುರ್ಚಿ. 'ಎಸ್ಟ್ರಿಶ್' ಜರ್ಮನಿಯಲ್ಲಿ ನೆಲದ ಗಾರೆ, ಸ್ವಿಟ್ಜರ್ಲೆಂಡಿನಲ್ಲಿ ಮಾಳಿಗೆಯ ಅಟ್ಟ. ಮನೆ ಬಾಡಿಗೆ ಕರಾರು ಓದುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ನರ್ಸ್‌ಗಳಿಗೆ ಇದಕ್ಕಿಂತ ಮುಖ್ಯವಾದದ್ದು 'ಫೂಸ್'. ಪಠ್ಯಪುಸ್ತಕದ ಪ್ರಕಾರ ಅದು ಪಾದ, ತೊಡೆಯಿಂದ ಕೆಳಗಿನ ಕಾಲಿಗೆ 'ಬೈನ್' ಎಂಬ ಬೇರೆ ಪದ. ಆಸ್ಟ್ರಿಯಾ, ಬವೇರಿಯಾ, ಶ್ವಾಬೆನ್ (ಸ್ಟುಟ್‌ಗಾರ್ಟ್ ಸುತ್ತಲಿನ ನಾಡು) ಕಡೆಯ ಹಿರಿಯರು 'ಫೂಸ್' ನೋಯುತ್ತದೆ ಎಂದರೆ ಮೊಣಕಾಲೂ ಇರಬಹುದು, ತೊಡೆಯೂ ಇರಬಹುದು. ಕಾಲು ಎಂದರೆ ಎರಡೂ ಆಗುವ ಕನ್ನಡದಿಂದ ಬಂದವರಿಗೆ ಇದು ವಿಚಿತ್ರ ಅನ್ನಿಸಬಾರದು. ಆದರೆ ಪುಸ್ತಕ ಓದಿ ಪಾಸಾದವರು ಪಾದವನ್ನಷ್ಟೇ ನೋಡಿ ಚಾರ್ಟ್ ಬರೆಯುವ ಅಪಾಯ ಇದ್ದೇ ಇದೆ.

ಗಡಿಯಾರದ ಲೆಕ್ಕವೂ ಹೀಗೇ. 'ಹಾಲ್ಪ್ ಆಖ್ಟ್', ಅಂದರೆ 'ಅರ್ಧ ಎಂಟು', ಎಲ್ಲ ಕಡೆಯೂ ಏಳೂವರೆ. ಎಂಟೂವರೆ ಅಲ್ಲ. ಇದನ್ನು ಎ1ನಲ್ಲೇ ಕಲಿಸುತ್ತಾರೆ. ಕಲಿಸದೇ ಬಿಡುವುದು 'ಫಿಯರ್ಟೆಲ್ ಆಖ್ಟ್' ಎಂಬುದನ್ನು. ಪದಶಃ 'ಕಾಲು ಎಂಟು'. ಬರ್ಲಿನ್, ಸ್ಯಾಕ್ಸನಿ, ದಕ್ಷಿಣದ ಬಹುಭಾಗಗಳಲ್ಲಿ ಅದು ಏಳೂಕಾಲು, 'ಡ್ರೈಫಿಯರ್ಟೆಲ್ ಆಖ್ಟ್' ಏಳೂಮುಕ್ಕಾಲು. ಎಂಟಕ್ಕೆ ಹೋಗುವ ದಾರಿಯಲ್ಲಿ ಎಷ್ಟು ಪಾಲು ಮುಗಿದಿದೆ ಎಂಬ ಲೆಕ್ಕ ಅದು. ವಾಯುವ್ಯ ಜರ್ಮನಿಯವರಿಗೇ ಇದು ಗೊಂದಲ. ಇಂಟರ್‌ವ್ಯೂಗೆ ಕರೆದವರು ಹೀಗೆ ಹೇಳಿದರೆ ನಾಚಿಕೆ ಬಿಟ್ಟು "ಏಳು ಹದಿನೈದಾ?" ಎಂದು ಅಂಕಿಯಲ್ಲೇ ಕೇಳಿ.

ವ್ಯಾಕರಣದಲ್ಲಿ ಒಂದು ವ್ಯತ್ಯಾಸ ಹೇಳಿ ಮುಂದೆ ಹೋಗುತ್ತೇನೆ. ನಿಂತಿದ್ದೆ, ಕೂತಿದ್ದೆ, ಮಲಗಿದ್ದೆ ಎನ್ನಲು ಉತ್ತರದವರು 'ಹಾಬೆನ್' ಸಹಾಯಕ್ರಿಯಾಪದ ಬಳಸಿದರೆ ದಕ್ಷಿಣ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನವರು 'ಸೈನ್' ಬಳಸುತ್ತಾರೆ. ಎರಡೂ ಸರಿ. ಸ್ವಿಟ್ಜರ್ಲೆಂಡಿನವರು ಎಸ್ತ್ಸೆಟ್ ಅಕ್ಷರವನ್ನೇ ಕೈಬಿಟ್ಟಿದ್ದಾರೆ, ಎಲ್ಲ ಕಡೆ ಎರಡು ಎಸ್. ಸೈಕಲ್‌ಗೆ 'ಫಾರಾಡ್' ಬದಲು 'ವೆಲೊ', ಕಾಲುದಾರಿಗೆ 'ಟ್ರೊಟ್ವಾರ್' ಎಂದು ಫ್ರೆಂಚ್ ಪದಗಳು ಧಾರಾಳ.

ಪರೀಕ್ಷೆಯ ಆಯ್ಕೆಯಲ್ಲಿ ಜನ ಸುಮ್ಮನೆ ತಲೆಕೆಡಿಸಿಕೊಳ್ಳುತ್ತಾರೆ. ಬೆಂಗಳೂರಿನ ಗೋಯ್ಟೆ ಸಂಸ್ಥೆ, ಅಂದರೆ ನಾವು ಮ್ಯಾಕ್ಸ್ ಮುಲ್ಲರ್ ಭವನ ಎಂದು ಕರೆಯುವುದು, ನಡೆಸುವ ಪರೀಕ್ಷೆ ಜರ್ಮನಿಯದ್ದು. ಓಎಸ್‌ಡಿ ಆಸ್ಟ್ರಿಯಾದ್ದು, ಅದರಲ್ಲಿ ಮೂರೂ ದೇಶಗಳ ರೂಪಗಳು ಬರುತ್ತವೆ. ಆದರೆ ಬಿ1 ಹಂತದ ಪರೀಕ್ಷೆಯನ್ನು ಗೋಯ್ಟೆ ಸಂಸ್ಥೆ, ಓಎಸ್‌ಡಿ ಮತ್ತು ಸ್ವಿಟ್ಜರ್ಲೆಂಡಿನ ಫ್ರಿಬೂರ್ ವಿಶ್ವವಿದ್ಯಾಲಯ ಸೇರಿಯೇ ರೂಪಿಸಿವೆ. ಅಲ್ಲಿಯವರೆಗೆ ಯಾವುದನ್ನು ಬರೆದರೂ ಕಲಿಯುವುದು ಒಂದೇ. ಹತ್ತಿರದ ಕೇಂದ್ರ, ಬೇಗ ಸಿಗುವ ದಿನಾಂಕ, ಇವೆರಡನ್ನು ನೋಡಿ ಆರಿಸಿ. ವಿಶ್ವವಿದ್ಯಾಲಯದ ಪ್ರವೇಶಕ್ಕೆ ಟೆಸ್ಟ್‌ಡಾಫ್ ಎಂಬ ಬೇರೆ ಪರೀಕ್ಷೆ ಇದೆ. ಜರ್ಮನ್ ಮಾಧ್ಯಮದ ಕೋರ್ಸುಗಳಿಗೆ ಸಾಮಾನ್ಯವಾಗಿ ಬಿ2ರಿಂದ ಸಿ1 ಕೇಳುತ್ತಾರೆ, ಇಂಗ್ಲಿಷ್ ಮಾಧ್ಯಮದ ಎಂ.ಎಸ್.ಗೆ ಕೇಳದೆಯೂ ಇರಬಹುದು. ನರ್ಸಿಂಗ್ ಮಾನ್ಯತೆಗೆ ಸಾಮಾನ್ಯವಾಗಿ ಬಿ2. ವೈದ್ಯರಿಗೆ ಅದರ ಮೇಲೆ ವೈದ್ಯಕೀಯ ಭಾಷೆಯ ಪ್ರತ್ಯೇಕ ಪರೀಕ್ಷೆ. ಸಂಗಾತಿಯ ವೀಸಾಕ್ಕೆ ಹೋಗುವವರಲ್ಲಿ ಹಲವರಿಗೆ ಎ1 ಬೇಕು, ಬ್ಲೂ ಕಾರ್ಡ್ (ಉನ್ನತ ಕೌಶಲದ ಕೆಲಸಗಾರರಿಗೆ ಕೊಡುವ ಪರವಾನಗಿ) ಇರುವವರ ಸಂಗಾತಿಗೆ ವಿನಾಯಿತಿ ಇದೆ. ನಿಯಮಗಳು ಆಗಾಗ ಬದಲಾಗುತ್ತವೆ, ಏಜೆಂಟರ ಮಾತಿಗಿಂತ ಕಾನ್ಸುಲೇಟ್‌ನ ಪುಟ ನೋಡಿ.

ಜ್ಯೂರಿಕ್‌ಗೆ ಹೋಗುವವರಿಗೆ

ಸ್ವಿಟ್ಜರ್ಲೆಂಡಿನ ಜರ್ಮನ್ ಭಾಗದಲ್ಲಿ ಎರಡು ಭಾಷಾರೂಪಗಳು ಪಾಳಿ ಹಂಚಿಕೊಂಡಿವೆ. ಪತ್ರಿಕೆ, ಕಾನೂನು, ಶಾಲೆಯ ಪಾಠ, ಟಿವಿಯ ಮುಖ್ಯವಾರ್ತೆ, ಇವೆಲ್ಲ ಶಿಷ್ಟ ಜರ್ಮನ್. ಮಿಕ್ಕ ಮಾತೆಲ್ಲ ಸ್ವಿಸ್ ಜರ್ಮನ್, ಅದೂ ಊರಿಗೊಂದು. 1959ರಲ್ಲಿ ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗುಸನ್ ಇಂಥ ಇಬ್ಬಗೆಯ ನುಡಿಸ್ಥಿತಿಯನ್ನು ವಿವರಿಸುವಾಗ ಎತ್ತಿಕೊಂಡ ನಾಲ್ಕು ಉದಾಹರಣೆಗಳಲ್ಲಿ ಇದೂ ಒಂದು. ಬರೆಯುವಾಗ 'ಮಾಡುತ್ತೇನೆ', ಆಡುವಾಗ ಮೈಸೂರಿನಲ್ಲಿ 'ಮಾಡ್ತೀನಿ', ಧಾರವಾಡದಲ್ಲಿ 'ಮಾಡ್ತೇನಿ' ಎನ್ನುವ ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ವ್ಯತ್ಯಾಸ ಏನೆಂದರೆ, ಅಲ್ಲಿ ಪ್ರೊಫೆಸರೂ ಬ್ಯಾಂಕ್ ಮ್ಯಾನೇಜರೂ ಆಡುಮಾತನ್ನೇ ಆಡುತ್ತಾರೆ. ಅದನ್ನು ಆಡಿದರೆ ಕಲಿಯದವರು ಅನ್ನಿಸಿಕೊಳ್ಳುವ ಭಯ ಇಲ್ಲವೇ ಇಲ್ಲ. 2011ರಲ್ಲಿ ಜ್ಯೂರಿಕ್ ರಾಜ್ಯದ ಮತದಾರರು ಶಿಶುವಿಹಾರದಲ್ಲಿ ಆಡುಮಾತೇ ಇರಲಿ ಎಂದು ಮತ ಹಾಕಿದರು.

ಕಷ್ಟ ಎಲ್ಲಿದೆ ನೋಡೋಣ. ಮನೆಗೆ ಶಿಷ್ಟದಲ್ಲಿ 'ಹೌಸ್', ಅಲ್ಲಿ 'ಹೂಸ್'. ಸಮಯಕ್ಕೆ 'ತ್ಸೈಟ್', ಅಲ್ಲಿ 'ತ್ಸೀಟ್'. ಮಗುವಿಗೆ 'ಕಿಂಟ್', ಅಲ್ಲಿ 'ಖಿಂಡ್'. ಪದದ ಮೊದಲ 'ಕ'ಕಾರಗಳು ಗಂಟಲಿನಿಂದ ಬರುತ್ತವೆ. ಹೊಸಬರನ್ನು ನಗಿಸಲು ಅವರು ಹೇಳಿಸುವ 'ಖುಖಿಖ್ಯಾಶ್ತ್ಲಿ' ಎಂಬುದು ಅಡುಗೆಮನೆಯ ಪುಟ್ಟ ಬೀರುವಿನ ಹೆಸರು. ಸರಳ ಭೂತಕಾಲ ಅವರ ಮಾತಿನಲ್ಲಿ ಇಲ್ಲ. 'ಇದ್ದೆ' ಎನ್ನಲು ಶಿಷ್ಟದ 'ಇಶ್ ವಾರ್' ಬದಲು 'ಇ ಬಿ ಗ್‌ಸೀ'. ನೀವು ಎ2ನಲ್ಲಿ ಬಾಯಿಪಾಠ ಮಾಡಿದ ಭೂತಕಾಲದ ಕೋಷ್ಟಕಕ್ಕೆ ಅಲ್ಲಿನ ಮಾತಿನಲ್ಲಿ ಜಾಗವೇ ಇಲ್ಲ.

ಹಾಗಾದರೆ ಸ್ವಿಸ್ ಜರ್ಮನ್ನನ್ನೇ ನೇರ ಕಲಿಯಬಹುದಲ್ಲ? ಬೇಡ. ಅದಕ್ಕೆ ಎಲ್ಲರೂ ಒಪ್ಪಿದ ಕಾಗುಣಿತವಿಲ್ಲ, ವಾಟ್ಸಾಪ್‌ನಲ್ಲಿ ಒಬ್ಬೊಬ್ಬರೂ ತಮಗೆ ಕೇಳಿದಂತೆ ಬರೆಯುತ್ತಾರೆ. ಬೆರ್ನ್‌ನಲ್ಲಿ ಕಲಿತದ್ದು ವಾಲಿಸ್ ಕಣಿವೆಯಲ್ಲಿ ಸಾಕಾಗುವುದಿಲ್ಲ, ಆ ಕಣಿವೆಯ ಮಾತು ಉಳಿದ ಸ್ವಿಸ್ಸರಿಗೇ ಕಷ್ಟ. ಪೌರತ್ವಕ್ಕೆ ಕೇಂದ್ರ ಸರ್ಕಾರ 2018ರಿಂದ ಕೇಳುವುದು ಮಾತಿನಲ್ಲಿ ಬಿ1, ಬರವಣಿಗೆಯಲ್ಲಿ ಎ2. ಶಿಷ್ಟ ಭಾಷೆಯಿಂದಲೇ ಅದು ದಾಟುತ್ತದೆ. ನೀವು ಶಿಷ್ಟದಲ್ಲಿ ಮಾತಾಡಿ, ಅವರು ತಮ್ಮ ಮಾತಿನಲ್ಲಿ ಉತ್ತರಿಸಲಿ. ಹೀಗೆ ನಡೆಯುವ ಸಂಭಾಷಣೆ ಅಲ್ಲಿ ಮಾಮೂಲು. ಅದಕ್ಕೆ ಬೇಕಾದದ್ದು ಕಿವಿ. ಸ್ವಿಸ್ ರೇಡಿಯೊ ಕೇಳಲು ಬೆಂಗಳೂರಿನಲ್ಲಿದ್ದಾಗಲೇ ಶುರು ಮಾಡಿ. "ದಯವಿಟ್ಟು ಶಿಷ್ಟ ಜರ್ಮನ್‌ನಲ್ಲಿ ಹೇಳಿ" ಎಂದರೆ ಅವರು ಬದಲಾಯಿಸುತ್ತಾರೆ, ಆದರೆ ಆಮೇಲೆ ಹರಟೆ ಹೊಡೆಯುವುದಿಲ್ಲ. ಅವರಿಗೂ ಅದು ಶಾಲೆಯ ಭಾಷೆಯೇ.

ಶ್ವಾಬೆನ್, ಬವೇರಿಯಾ, ಮತ್ತು ಪ್ಲಾಟ್

ಬೆಂಗಳೂರಿನ ಎಂಜಿನಿಯರುಗಳು ಹೆಚ್ಚಾಗಿ ಹೋಗುವುದು ಸ್ಟುಟ್‌ಗಾರ್ಟ್ ಮತ್ತು ಮ್ಯೂನಿಕ್ ಕಡೆಗೆ. ಸ್ಟುಟ್‌ಗಾರ್ಟ್ ಇರುವ ರಾಜ್ಯದ ಸರ್ಕಾರವೇ "ನಮಗೆ ಎಲ್ಲವೂ ಬರುತ್ತದೆ, ಶಿಷ್ಟ ಜರ್ಮನ್ ಒಂದನ್ನು ಬಿಟ್ಟು" ಎಂದು ಜಾಹೀರಾತು ಮಾಡಿತ್ತು. ಅಲ್ಲಿನ ಶ್ವೇಬಿಶ್ ಮಾತಿನಲ್ಲಿ 'ಹೇಬೆನ್' ಎಂದರೆ ಹಿಡಿದುಕೊಳ್ಳುವುದು, ಪಠ್ಯಪುಸ್ತಕದಲ್ಲಿ ಅದು ಎತ್ತುವುದು. ಯಂತ್ರದ ಪಕ್ಕ ನಿಂತವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಪುಟ್ಟದು ಎನ್ನಲು ಪದದ ಕೊನೆಗೆ 'ಲೆ' ಹಚ್ಚುತ್ತಾರೆ: ಪುಟ್ಟ ಮನೆ 'ಹೊಯ್ಸ್‌ಲೆ'. ಶಿಷ್ಟದಲ್ಲಿ 'ಹೊಯ್ಸ್‌ಶೆನ್', ಜ್ಯೂರಿಕ್‌ನಲ್ಲಿ 'ಹ್ಯೂಸ್ಲಿ'.

ಮ್ಯೂನಿಕ್ ನಗರದೊಳಗೆ ಬವೇರಿಯನ್ ಮಾತು ಈಗ ಕಡಿಮೆಯಾಗಿದೆ, ಸುತ್ತಲಿನ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಆಸ್ಟ್ರಿಯಾದ ಬಹುಭಾಗದ ಆಡುಮಾತೂ ಇದೇ ಕುಟುಂಬದ್ದು, ಪಶ್ಚಿಮ ತುದಿಯ ಫೋರಾರ್ಲ್‌ಬರ್ಗ್ ಮಾತ್ರ ಸ್ವಿಸ್ ಕುಟುಂಬದ್ದು. ಹೀಗಾಗಿ ಬವೇರಿಯನ್ ಕಿವಿ ಪಳಗಿದರೆ ವಿಯೆನ್ನಾ, ಸಾಲ್ಸ್‌ಬರ್ಗ್ ಎರಡಕ್ಕೂ ಆಯಿತು. ಒಂದು ಕಿವಿಯನ್ನಷ್ಟೇ ಪಳಗಿಸಲು ಸಮಯವಿದೆ, ಎಲ್ಲಿಗೆ ಹೋಗುತ್ತೇವೆಂದು ಇನ್ನೂ ಗೊತ್ತಿಲ್ಲ ಎನ್ನುವವರಿಗೆ ನಾನು ಹೇಳುವುದು ಇದನ್ನೇ.

ಪ್ಲಾಟ್ ಬೇರೆಯೇ ವಿಷಯ. ಅದು ಶಿಷ್ಟ ಜರ್ಮನ್ನಿನ ಉಪಭಾಷೆಯಲ್ಲ, ಅದರ ಸೋದರಿ. ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆ ದಕ್ಷಿಣದ ಎತ್ತರದ ನಾಡುಗಳಲ್ಲಿ ವ್ಯಂಜನಗಳು ಪಲ್ಲಟಗೊಂಡವು. ಉತ್ತರದ ಬಯಲಿಗೆ ಆ ಪಲ್ಲಟ ತಲುಪಲಿಲ್ಲ. ನೀರಿಗೆ ದಕ್ಷಿಣದಲ್ಲಿ 'ವಾಸ್ಸರ್', ಪ್ಲಾಟ್‌ನಲ್ಲಿ 'ವಾಟರ್'. ಸೇಬಿಗೆ 'ಆಪ್ಫೆಲ್', 'ಆಪ್ಪೆಲ್'. ಮಾಡುವುದಕ್ಕೆ 'ಮಾಖೆನ್', 'ಮಾಕೆನ್'. ಭಾಷಾವಿಜ್ಞಾನಿಗಳು ಈ ಎರಡರ ನಡುವೆ ಎಳೆದ ಗಡಿರೇಖೆ ಡ್ಯುಸೆಲ್‌ಡಾರ್ಫ್ ಬಳಿಯ ಬೆನ್ರಾಟ್‌ನಲ್ಲಿ ರೈನ್ ನದಿಯನ್ನು ದಾಟುತ್ತದೆ. ಶಿಷ್ಟ ಜರ್ಮನ್ನಿಗೆ 'ಹೋಖ್‌ಡಾಯ್ಚ್' (ಎತ್ತರದ ಜರ್ಮನ್) ಎನ್ನುವಾಗಿನ 'ಎತ್ತರ' ಮೂಲದಲ್ಲಿ ಭೂಮಿಯ ಎತ್ತರವೇ, ಯೋಗ್ಯತೆಯದ್ದಲ್ಲ.

ಲ್ಯೂಬೆಕ್ ನಗರವನ್ನು ಮುಂದಿಟ್ಟುಕೊಂಡ ಹಾನ್ಸ ವರ್ತಕರ ಕೂಟ ಬಾಲ್ಟಿಕ್ ಸಮುದ್ರದ ವ್ಯಾಪಾರ ಆಳುತ್ತಿದ್ದಾಗ ಪ್ಲಾಟ್‌ನ ಹಳೆಯ ರೂಪವೇ ಅಲ್ಲೆಲ್ಲ ವ್ಯವಹಾರದ ಭಾಷೆಯಾಗಿತ್ತು. ಸ್ವೀಡಿಶ್, ಡೇನಿಶ್ ಭಾಷೆಗಳಲ್ಲಿ ಅದರ ಪದಗಳು ಇವತ್ತಿಗೂ ತುಂಬಿವೆ. ಕೂಟ ಮುರಿಯಿತು, ಬರವಣಿಗೆ ದಕ್ಷಿಣದ ಭಾಷೆಗೆ ಹೋಯಿತು. ಈಗ 1999ರಿಂದ ಐರೋಪ್ಯ ಸನ್ನದಿನಡಿ ಜರ್ಮನಿಯಲ್ಲಿ ಅದಕ್ಕೆ ಪ್ರಾದೇಶಿಕ ಭಾಷೆಯ ರಕ್ಷಣೆ ಇದೆ. ಬ್ರೆಮೆನ್ ರೇಡಿಯೊದಲ್ಲಿ ವಾರ್ತೆ ಬರುತ್ತದೆ, ಹ್ಯಾಂಬರ್ಗ್‌ನ ಓನ್‌ಸೋರ್ಗ್ ರಂಗಮಂದಿರದಲ್ಲಿ ನಾಟಕ ಆಡುತ್ತಾರೆ. ಕೆಲಸಕ್ಕೆ, ಓದಿಗೆ ಇದರ ಅಗತ್ಯ ಬೀಳುವುದಿಲ್ಲ. ವೃದ್ಧಾಶ್ರಮದಲ್ಲಿ ಕೆಲಸ ಮಾಡಲು ಉತ್ತರಕ್ಕೆ ಹೋಗುವವರು ಮಾತ್ರ ಒಂದಿಷ್ಟು ಕಲಿತರೆ, ಹಾಸಿಗೆ ಹಿಡಿದ ಅಜ್ಜ ಅಜ್ಜಿಯರ ಮುಖ ಅರಳುತ್ತದೆ.

ಹಳೆಯ ಜರ್ಮನ್‌ಗಳಲ್ಲಿ ಯಾವುದು?

ಇಲ್ಲಿಗೆ ಬರುವವರು ಕಡಿಮೆ, ಬರುವವರು ಮಾತ್ರ ಹಟವಾದಿಗಳು. ಮೂರು ಘಟ್ಟಗಳಿವೆ.

ಸುಮಾರು 750ರಿಂದ 1050ರವರೆಗಿನದು ಹಳೆಯ ಮೇಲ್ಜರ್ಮನ್, ಅಂದರೆ ದಕ್ಷಿಣದ ಎತ್ತರದ ನಾಡುಗಳ ಜರ್ಮನ್ನಿನ ಹಳೆಯ ರೂಪ. ಉಳಿದಿರುವ ಬರಹ ಕಡಿಮೆ, ಅದರಲ್ಲಿ ಹೆಚ್ಚಿನದು ಮಠಗಳ ಪದಪಟ್ಟಿ, ಅನುವಾದ, ಪ್ರಾರ್ಥನೆ. ವೈಸೆನ್‌ಬುರ್ಗ್ ಮಠದ ಓಟ್‌ಫ್ರೀಡ್ ಎಂಬ ಸನ್ಯಾಸಿ 863ರಿಂದ 871ರ ನಡುವೆ ಕ್ರಿಸ್ತನ ಕಥೆಯನ್ನು ಪದ್ಯವಾಗಿಸಿ, ಲ್ಯಾಟಿನ್ ಬಿಟ್ಟು ತನ್ನ ನಾಡಿನ ಮಾತಿನಲ್ಲಿ ಏಕೆ ಬರೆದೆ ಎಂದು ಒಂದು ಅಧ್ಯಾಯದಲ್ಲಿ ವಾದಿಸಿದ್ದಾನೆ. ನಮ್ಮ ಕವಿರಾಜಮಾರ್ಗವೂ ಹೆಚ್ಚುಕಡಿಮೆ ಅದೇ ಕಾಲದ್ದು, ಅಲ್ಲಿಯೂ ಸಂಸ್ಕೃತದ ಎದುರು ದೇಶಭಾಷೆಯ ನೆಲೆ ಗುರುತಿಸುವ ಕೆಲಸ ನಡೆದಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದುವ ಕನ್ನಡಿಗರೊಬ್ಬರು ಇದ್ದರೆ ಎಷ್ಟು ಚೆನ್ನ. ಆದರೆ ಈ ಭಾಷೆ ಹೊಸ ಜರ್ಮನ್ ಬಲ್ಲವರಿಗೂ ಹೊಸದಾಗಿ ಕಲಿಯಬೇಕಾದದ್ದು. ಭಾಷಾವಿಜ್ಞಾನ ನಿಮ್ಮ ವೃತ್ತಿಯಲ್ಲವಾದರೆ ಅನುವಾದದಲ್ಲಿ ಓದಿ.

1050ರಿಂದ 1350ರವರೆಗಿನ ನಡುವಣ ಮೇಲ್ಜರ್ಮನ್ನನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ನೀಬೆಲುಂಗರ ಮಹಾಕಾವ್ಯ, ವಾಲ್ಟರ್ ಫಾನ್ ಡೆರ್ ಫೋಗೆಲ್‌ವೈಡೆಯ ಹಾಡುಗಳು ಸುಮಾರು 1200ರವು. ಜರ್ಮನಿಯಲ್ಲಿ ಜರ್ಮನ್ ಸಾಹಿತ್ಯವನ್ನೇ ಓದುವವರಿಗೆ ಇದರ ಪಾಠ ಸಾಮಾನ್ಯವಾಗಿ ತಪ್ಪುವುದಿಲ್ಲ. ಬಿ2 ಇದ್ದರೆ ಲೆಕ್ಸರ್‌ನ ಸಣ್ಣ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಬಹುದು. ಸ್ವಿಸ್ ಕಿವಿ ಪಳಗಿದವರಿಗೆ ಇಲ್ಲೊಂದು ಬೋನಸ್: ಆ ಕಾಲದವರೂ ಮನೆಗೆ 'ಹೂಸ್', ಸಮಯಕ್ಕೆ 'ತ್ಸೀತ್' ಎಂದೇ ಅನ್ನುತ್ತಿದ್ದರು. ದೀರ್ಘ ಸ್ವರಗಳು 'ಹೌಸ್', 'ತ್ಸೈಟ್' ಆಗಿ ಒಡೆದದ್ದು ಆಮೇಲೆ, ಬೆಟ್ಟಗಳಾಚೆಗೆ ಆ ಬದಲಾವಣೆ ಹೋಗಲೇ ಇಲ್ಲ. ಎಚ್ಚರ ಬೇಕಾದದ್ದು ಪರಿಚಿತ ಮುಖದ ಪದಗಳ ಬಗ್ಗೆ. 'ಹೋಖ್‌ಗೆತ್ಸೀತ್' ಇವತ್ತಿನಂತೆ ಮದುವೆಯಷ್ಟೇ ಅಲ್ಲ, ಯಾವುದೇ ಹಬ್ಬ. 'ಆರೆಬೈತ್' ಇವತ್ತಿನ 'ಕೆಲಸ' ಅಲ್ಲ, ಪಾಡು, ಸಂಕಟ.

1350ರಿಂದ 1650ರದ್ದು ಲೂಥರ್‌ನ ಕಾಲದ ಜರ್ಮನ್. ಪ್ರತ್ಯೇಕ ಕಲಿಯಬೇಕಿಲ್ಲ, ಕಾಗುಣಿತದ ಗೊಂದಲ ಸಹಿಸಿಕೊಂಡರೆ ಓದುತ್ತ ಓದುತ್ತ ಬರುತ್ತದೆ.

ಬಾಸೆಲ್ ಮಿಷನ್ನಿನ ಕಾಗದಗಳಿಗಾಗಿ ಕಲಿಯುವವರಿಗೆ

ಕರ್ನಾಟಕದ ಚರಿತ್ರೆ ಓದುವವರಿಗೆ ಜರ್ಮನ್ ನಿಜವಾಗಿ ಬೇಕಾಗುವುದು ಇಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಹಲವು ದಶಕಗಳ ಕಾಲ ವರದಿ, ಕಾಗದ, ದಿನಚರಿಗಳನ್ನು ಬಾಸೆಲ್‌ಗೆ ಕಳಿಸುತ್ತಲೇ ಇದ್ದರು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ದಕ್ಷಿಣದ ವುರ್ಟೆಂಬರ್ಗ್‌ನವರು, ಅಂದರೆ ಶ್ವೇಬಿಶ್ ನಾಡಿನವರು. 1894ರ ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು ವಾಯುವ್ಯ ತುದಿಯ ಪೂರ್ವ ಫ್ರೀಸ್‌ಲ್ಯಾಂಡ್‌ನಲ್ಲಿ, ಪ್ಲಾಟ್ ನಾಡಿನಲ್ಲಿ. ಕಚೇರಿ ಇದ್ದದ್ದು ಸ್ವಿಟ್ಜರ್ಲೆಂಡಿನಲ್ಲಿ. ಮೂರು ನಾಡಿನ ಮೂರು ಮಾತು, ಕಾಗದದಲ್ಲಿ ಮಾತ್ರ ಒಂದೇ ಶಿಷ್ಟ ಜರ್ಮನ್.

ಹಾಗಾಗಿ "ಹಳೆಯ ಜರ್ಮನ್ ಕಲಿಯಬೇಕಾ?" ಎಂದು ಕೇಳುವವರಿಗೆ ಉತ್ತರ: ಬೇಡವೇ ಬೇಡ. ಹತ್ತೊಂಬತ್ತನೇ ಶತಮಾನದ ಜರ್ಮನ್ ಇವತ್ತಿನದ್ದೇ. ವಾಕ್ಯ ಉದ್ದ, ಧರ್ಮಗ್ರಂಥದ ಪದಗಳು ಹೆಚ್ಚು, 1901ಕ್ಕಿಂತ ಮುಂಚಿನ ಕಾಗುಣಿತದಲ್ಲಿ ಬಾಗಿಲು, ಭಾಗ ಎಂಬರ್ಥದ 'ಟ್ಯೂರ್', 'ಟೈಲ್' ಪದಗಳಲ್ಲಿ ಟಿ ಆದ ಮೇಲೆ ಒಂದು ಎಚ್ ಇರುತ್ತದೆ. ಇಷ್ಟೇ. ಅಡ್ಡ ಬರುವುದು ಲಿಪಿ. ಅಚ್ಚಿಗೆ ಫ್ರಾಕ್ಟೂರ್, ಕೈಬರಹಕ್ಕೆ ಕುರೆಂಟ್. ಇವು ಸರ್ಕಾರಿ ಆದೇಶದಿಂದ ಶಾಲೆ, ಕಚೇರಿಗಳಿಂದ ಹೊರಬಿದ್ದದ್ದು 1941ರಲ್ಲಿ. ಅದಾದ ಮೇಲೆ ಶಾಲೆ ಸೇರಿದ ಜರ್ಮನ್ನರಲ್ಲಿ ಬಹುತೇಕರಿಗೆ ತಮ್ಮ ಮುತ್ತಜ್ಜಿಯ ಕಾಗದ ಓದಲು ಬರುವುದಿಲ್ಲ. ನಿಮ್ಮ ಸಿ1 ಪ್ರಮಾಣಪತ್ರ ಇಲ್ಲಿ ನಿಮ್ಮನ್ನು ಅವರ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ, ಅಷ್ಟೇ.

ಫ್ರಾಕ್ಟೂರ್ ಕೆಲವೇ ದಿನಗಳ ಅಭ್ಯಾಸ. ಅದರ ಉದ್ದನೆಯ ಎಸ್ ಮತ್ತು ಎಫ್ ಅವಳಿಗಳಂತೆ. ಎಫ್‌ನ ಅಡ್ಡಗೀಟು ಕಂಬವನ್ನು ದಾಟುತ್ತದೆ, ಎಸ್‌ನದ್ದು ದಾಟುವುದಿಲ್ಲ. ದೊಡ್ಡಕ್ಷರಗಳಲ್ಲಿ ಐ ಮತ್ತು ಜೆಗೆ ಹೆಚ್ಚಾಗಿ ಒಂದೇ ಆಕಾರ. ಕುರೆಂಟ್ ಹಾಗಲ್ಲ. ಅದರಲ್ಲಿ ಇ ಅಕ್ಷರ ಎರಡು ಓರೆಗೀಟು, ನೋಡಲು ಎನ್‌ನಂತೆ. ಎನ್ ಕೂಡ ಎರಡು ಓರೆಗೀಟು, ಎಮ್ ಮೂರು. ಯು ಅಕ್ಷರವೂ ಎನ್‌ನಂತೆಯೇ ಇದ್ದು, ಗುರುತಿಗೆಂದು ತಲೆಯ ಮೇಲೊಂದು ಸಣ್ಣ ಬಿಲ್ಲು. ಎಚ್ ಮೇಲೂ ಕೆಳಗೂ ಕುಣಿಕೆ ಹಾಕಿಕೊಂಡು ಇಳಿಯುತ್ತದೆ. ಜರ್ಮನ್ನಿನಲ್ಲಿ ಬಹಳಷ್ಟು ಪದಗಳು ಇ, ಎನ್ ಎಂಬ ಎರಡಕ್ಷರಗಳಿಂದ ಮುಗಿಯುವುದರಿಂದ ಪುಟದ ತುಂಬ ಗರಗಸದ ಹಲ್ಲಿನಂಥ ಗೀಟುಗಳೇ ಕಾಣುತ್ತವೆ.

ನಮಗೆ ಒಂದು ಅನುಕೂಲವಿದೆ. ಕುರೆಂಟ್ ಬರೆಯುತ್ತಿದ್ದವರು ಪರಭಾಷೆಯ ಪದ, ಊರುಗಳ ಹೆಸರು ಬಂದಾಗ ಹೆಚ್ಚಾಗಿ ಲ್ಯಾಟಿನ್ ಅಕ್ಷರಕ್ಕೆ ತಿರುಗುತ್ತಿದ್ದರು. ಧಾರವಾಡ, ಹುಬ್ಬಳ್ಳಿ, ಮಡಿಕೇರಿಯ ಹೆಸರುಗಳು ಆ ಗೀಟುಗಳ ಕಾಡಿನ ನಡುವೆ ಥಟ್ಟನೆ ಕಣ್ಣಿಗೆ ಬೀಳುತ್ತವೆ. ಮಡಿಕೇರಿ 'ಮರ್ಕಾರಾ' ಆಗಿರುತ್ತದೆ, ಕನ್ನಡ 'ಕನರೇಸಿಶ್' ಆಗಿರುತ್ತದೆ. ಪಟ್ಟಿಗಳಲ್ಲಿ ಹುಡುಕುವಾಗಲೂ ಈ ಹಳೆಯ ಹೆಸರುಗಳನ್ನೇ ಕೊಡಬೇಕು. ಇನ್‌ಸ್‌ಬ್ರುಕ್‌ನಿಂದ ಬಂದ ಟ್ರಾನ್ಸ್‌ಕ್ರಿಬಸ್ ಎಂಬ ತಂತ್ರಾಂಶ ಕುರೆಂಟ್ ಪುಟವನ್ನು ಓದಿ ಇಂದಿನ ಅಕ್ಷರಕ್ಕೆ ಇಳಿಸಿಕೊಡುತ್ತದೆ. ಓದುವ ಕೆಲಸ ಅರ್ಧಕ್ಕಿಳಿಯುತ್ತದೆ, ಆದರೆ ಕನ್ನಡದ ಹೆಸರುಗಳಲ್ಲಿ ಅದನ್ನು ನಂಬಬೇಡಿ.

ಕ್ರಮ ಹೀಗಿರಲಿ. ಬಿ1 ಮುಗಿಸಿ. ಮಿಷನ್ನಿನ ಪತ್ರಿಕೆಯಾದ 'ಹೈಡನ್‌ಬೋಟೆ'ಯ ಹಳೆಯ ಸಂಚಿಕೆ ತೆಗೆದು ಫ್ರಾಕ್ಟೂರ್ ರೂಢಿಸಿಕೊಳ್ಳಿ. ಮಿಷನರಿಗಳ ಶೈಲಿ, ಅವರ ಪದಗಳು ಅಲ್ಲೇ ಪರಿಚಯವಾಗುತ್ತವೆ. ಆಮೇಲೆ ಕುರೆಂಟ್ ಅಕ್ಷರಮಾಲೆಯನ್ನು ಓದುವುದಕ್ಕಿಂತ ಮೊದಲು ನಿಮ್ಮ ಕೈಯಲ್ಲೇ ಬರೆದು ಕಲಿಯಿರಿ, ಗೀಟು ಯಾವ ದಿಕ್ಕಿನಿಂದ ಬರುತ್ತದೆಂದು ಬೆರಳಿಗೆ ಗೊತ್ತಾದರೆ ಕಣ್ಣಿಗೂ ಗೊತ್ತಾಗುತ್ತದೆ. ಮೊದಲು ಎತ್ತಿಕೊಳ್ಳಬೇಕಾದದ್ದು ಗುಮಾಸ್ತರು ಚೊಕ್ಕವಾಗಿ ನಕಲು ಮಾಡಿದ ವಾರ್ಷಿಕ ವರದಿಗಳನ್ನು. ಜ್ವರದಲ್ಲಿ, ದೀಪದ ಬೆಳಕಿನಲ್ಲಿ, ಹಾಳೆ ಉಳಿಸಲು ಅಂಚಿನವರೆಗೂ ಗೀಚಿದ ಖಾಸಗಿ ಕಾಗದಗಳನ್ನು ಕೊನೆಗೆ ಇಟ್ಟುಕೊಳ್ಳಿ.